ಪಕ್ಕದಲ್ಲಿ ಯಾರಿದ್ದರು

೨೪ ಫೆಬ್ರವರಿ ೨೦೨೫, ಸೋಮವಾರ

ಸಂಗತಿಗಳನ್ನು ಕ್ರಮವಾಗಿ ಬರೆದಿಡುತ್ತೇನೆ.

೧. ನಮ್ಮ ಕಂಪನಿ ನೀರಿನ ಮೀಟರುಗಳನ್ನು ತಯಾರಿಸುತ್ತದೆ. ಮೂರು ಘಟಕಗಳಿವೆ: ಕುಣಿಗಲ್‌ನಲ್ಲಿ ಲೋಹದ ಭಾಗಗಳಿಗೆ ಲೇಪನ, ಗುಬ್ಬಿಯಲ್ಲಿ ಜೋಡಣೆ, ತುಮಕೂರಿನಲ್ಲಿ ಪರೀಕ್ಷೆ ಮತ್ತು ಮುಖ್ಯ ಕಚೇರಿ.

೨. ಪ್ರತಿ ತಿಂಗಳ ಮೊದಲ ಶನಿವಾರ ಮೂರೂ ಘಟಕಗಳವರು ಆನ್‌ಲೈನ್ ಸಭೆಯಲ್ಲಿ ಸೇರುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿ. ಕಾರ್ಮಿಕರು ಕ್ಯಾಂಟೀನಿನ ದೊಡ್ಡ ಪರದೆಯ ಮುಂದೆ ಕುಳಿತು, ತಮ್ಮ ಮೊಬೈಲಿನಿಂದ ನಿರ್ದೇಶಕರಿಗೆ ಪ್ರಶ್ನೆ ಕಳಿಸುತ್ತಾರೆ.

೩. ಆ ಪ್ರಶ್ನೆಗಳು ನೇರವಾಗಿ ಪರದೆಗೆ ಹೋಗುವುದಿಲ್ಲ. ಒಬ್ಬರು ಅವನ್ನು ಓದಿ, ಯೋಗ್ಯವಾದವನ್ನು ಪ್ರಕಟಿಸಿ, ಉಳಿದವನ್ನು ತಡೆಹಿಡಿಯಬೇಕು. ಮುಂದಿನ ಸಭೆಯಿಂದ ಆ ಕೆಲಸ ನನ್ನದು.

೪. ನಾನು ಪರೀಕ್ಷಾ ವಿಭಾಗದ ಎಂಜಿನಿಯರ್, ವಯಸ್ಸು ಐವತ್ತೆರಡು. ನನ್ನನ್ನೇ ಆರಿಸಿದ್ದು ಏಕೆಂದು ಸಿಬ್ಬಂದಿ ವಿಭಾಗದ ಮುಖ್ಯಸ್ಥ ಕಿರಣ್‌ಕುಮಾರ್ ಹೇಳಿದರು: "ರಾಮಾಂಜಿನಯ್ಯ ಸಾರ್, ನೀವು ಯಾರ ಗುಂಪಲ್ಲೂ ಇಲ್ಲ. ಮಾತೂ ಆಡಲ್ಲ. ಇದಕ್ಕಿಂತ ಕ್ವಾಲಿಫಿಕೇಷನ್ ಬೇಕಾ?"

೫. ನನ್ನ ಹೆಂಡತಿ ಮಂಗಳಗೌರಿ ಜನವರಿ ಹನ್ನೊಂದರಂದು ತೀರಿಕೊಂಡಳು. ಮೇಲಿನ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಪಟ್ಟಿ ಅಪೂರ್ಣವಾಗಬಾರದೆಂದು ಬರೆದೆ.

೨೮ ಫೆಬ್ರವರಿ, ಶುಕ್ರವಾರ

ಈ ಕೆಲಸಕ್ಕೆ ನಿಯಮಗಳೇ ಇರಲಿಲ್ಲ. ನಾನೇ ರೂಪಿಸಿದೆ. ಬೈಗುಳ ಇರಕೂಡದು. ವ್ಯಕ್ತಿಗಳ ಹೆಸರು ಬರಕೂಡದು. ಒಂದೇ ಅರ್ಥದ ಪ್ರಶ್ನೆಗಳು ಎಷ್ಟೇ ಬಂದರೂ ಅವನ್ನು ಒಂದಾಗಿ ಕೂಡಿಸಬೇಕು. ಆಡುಮಾತಿನಲ್ಲಿ ಬಂದದ್ದನ್ನು ಬರಹದ ಭಾಷೆಗೆ ತಿದ್ದಿದ ಬಳಿಕವೇ ಪ್ರಕಟಿಸಬೇಕು. ಒಳ್ಳೆಯ ಮೀಟರು ತನ್ನೊಳಗೆ ಹರಿಯುವ ನೀರಿಗೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ನಾನೂ ಹಾಗಿರಬೇಕು.

೧ ಮಾರ್ಚ್, ಶನಿವಾರ

ಮೊದಲ ಸಭೆ ಮುಗಿಯಿತು. ಎಡಗಡೆ ಬರುವ ಪ್ರಶ್ನೆಗಳು, ನಡುವೆ ಪ್ರಕಟವಾದವು, ಬಲಗಡೆ ತಡೆದವು. ಮೂರು ಅಂಕಣಗಳಲ್ಲಿ ಒಂದು ಗಂಟೆ ಹೋದದ್ದು ತಿಳಿಯಲಿಲ್ಲ.

ಒಂದು ಉದಾಹರಣೆ. ಗುಬ್ಬಿಯಿಂದ ಬಂದ ಪ್ರಶ್ನೆ: "ಕ್ಯಾಂಟೀನ್ ಸಾಂಬಾರಲ್ಲಿ ಬೇಳೆ ಹುಡುಕಿಕೊಟ್ಟೋರಿಗೆ ಏನಾದ್ರೂ ಬಹುಮಾನ ಐತಾ?" ನಾನು ಪ್ರಕಟಿಸಿದ್ದು: "ಉಪಾಹಾರಗೃಹದ ಆಹಾರದ ಗುಣಮಟ್ಟವನ್ನು ಸುಧಾರಿಸಲು ಕೈಗೊಂಡಿರುವ ಕ್ರಮಗಳೇನು?" ನಿರ್ದೇಶಕರು ಸಮಾಧಾನದಿಂದ ಉತ್ತರಿಸಿದರು.

ಇನ್ನೊಂದು ಪ್ರಶ್ನೆಗೆ ಹೆಚ್ಚು ಸಮಯ ಹಿಡಿಯಿತು. ಕುಣಿಗಲ್ ಘಟಕದ ಲೇಪನ ವಿಭಾಗದಲ್ಲಿ ತಿಮ್ಮರಾಜು ಎಂಬ ಯುವಕ ಕಳೆದ ತಿಂಗಳು ಕೆಲಸದ ವೇಳೆ ಕುಸಿದು ತೀರಿಕೊಂಡ. ಹೃದಯಾಘಾತವೆಂದು ವರದಿ. ಅವನ ತಂಗಿ ಗುಬ್ಬಿಯಲ್ಲಿ ನಮ್ಮ ಜೋಡಣೆ ವಿಭಾಗದಲ್ಲಿದ್ದಾಳೆ. ಅವಳು ಬರೆದದ್ದು: "ನಮ್ಮಣ್ಣ ಬಿದ್ದಾಗ ಪಕ್ಕದಲ್ಲಿ ಯಾರಿದ್ರು ಸಾರ್? ಬಾಯಿಗೆ ನೀರು ಬಿಟ್ಟೋರು ಯಾರು? ತಿಮ್ಮರಾಜು ತಂಗಿ ಮೋನಿಕಾ."

ನಾನು ಹೀಗೆ ತಿದ್ದಿ ಪ್ರಕಟಿಸಿದೆ: "ಘಟಕಗಳಲ್ಲಿ ತುರ್ತು ವೈದ್ಯಕೀಯ ನೆರವಿನ ವ್ಯವಸ್ಥೆ ಹೇಗಿದೆ?"

ನಿರ್ದೇಶಕರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಚಿತ್ರ ತೋರಿಸಿ ವಿವರವಾಗಿ ಮಾತನಾಡಿದರು. ಕಿರಣ್‌ಕುಮಾರ್ ತಕ್ಷಣವೇ ಫೋನ್ ಮಾಡಿದರು. "ಸೂಪರ್ ಸಾರ್! ಬಾಂಬ್ ಥರ ಇದ್ದಿದ್ದನ್ನ ಬಿಸ್ಕೆಟ್ ಮಾಡ್ಬಿಟ್ರಲ್ಲ!"

ಸಭೆ ಮುಚ್ಚುವ ಹೊತ್ತಿಗೆ ಎಡಗಡೆಯ ಅಂಕಣದಲ್ಲಿ ಒಂದು ಸಾಲು ಬಂತು. "ನಾನ್ ಕೇಳಿದ್ದು ಅದಲ್ಲ ಸಾರ್."

ಅದು ಪ್ರಶ್ನೆಯಲ್ಲ. ಬಲಗಡೆಗೆ ಸರಿಸಿದೆ.

೯ ಮಾರ್ಚ್, ಭಾನುವಾರ

ಮಗಳು ರೂಪಶ್ರೀ ಗುಬ್ಬಿಯಿಂದ ಬಂದಿದ್ದಳು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೇಳಿದಳು.

"ಅಪ್ಪ, ಅಮ್ಮನ ಫೋನ್ ಯಾಕೆ ಇನ್ನೂ ಚಾರ್ಜಿಗಿದೆ?"

"ಪೂರ್ತಿ ಖಾಲಿಯಾದರೆ ಬ್ಯಾಟರಿ ಹಾಳಾಗುತ್ತದೆ."

"ರೀಚಾರ್ಜೂ ಮಾಡ್ಸಿದೀಯ."

"ಯೋಜನೆ ಮೂರು ತಿಂಗಳದ್ದು. ಮೊದಲೇ ಕಟ್ಟಿತ್ತು."

ಅವಳು ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. "ನಿನ್ನ ಹತ್ರ ಎಲ್ಲಾದಕ್ಕೂ ಟೆಕ್ನಿಕಲ್ ಆನ್ಸರ್ ಇರತ್ತೆ ಬಿಡಪ್ಪ" ಎಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

೫ ಏಪ್ರಿಲ್, ಶನಿವಾರ

ಎರಡನೆಯ ಸಭೆ. ಮೋನಿಕಾ ಅದೇ ಪ್ರಶ್ನೆಯನ್ನು ಅದೇ ಶಬ್ದಗಳಲ್ಲಿ ಕಳಿಸಿದಳು. ಒಮ್ಮೆ ಉತ್ತರವಾದ ಪ್ರಶ್ನೆಯನ್ನು ಮರಳಿ ಪ್ರಕಟಿಸುವಂತಿಲ್ಲ. ಕೇಳಿದವರಿಗಷ್ಟೇ ಕಾಣುವಂತೆ ಮಾರುತ್ತರ ಬರೆಯುವ ಸೌಲಭ್ಯ ಇದೆ. ಬರೆದೆ: "ನಿಮ್ಮ ಪ್ರಶ್ನೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ."

ಅವಳ ಉತ್ತರ: "ಯಾವ ವಿಭಾಗ ಸಾರ್? ಸಾಯೋರ ಬಾಯಿಗೆ ನೀರು ಬಿಡೋ ವಿಭಾಗ ಅಂತ ಐತಾ?"

ಸ್ವಲ್ಪ ಹೊತ್ತಿನ ಮೇಲೆ ಅವಳೇ ಬರೆದಳು.

"ಸಿಟ್ಟಲ್ಲಿ ಅಂದೆ ಸಾರ್, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಹಿಂದ್ಲಿಂದ ಒಂದು ನಡ್ಕೊಂಡ್ ಬಂದೈತೆ. ಕೊನೆ ಗಳಿಗೇಲಿ ಬಾಯಿಗೆ ನೀರು ಬಿಟ್ಟೋರ್ನ ಕರ್ದು, ಎಲೆ ಹಾಕಿ, ಅವರು ಉಂಡ್ಮೇಲೇ ಮನೆಯೋರು ಉಣ್ಬೇಕು. ಹನ್ನೊಂದನೇ ದಿನ ಯಾರ್ನ ಕರೀಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ನಮ್ಮವ್ವ ಹನುಮಮ್ಮ ಅವತ್ತಿಂದ ಮುದ್ದೆ ಮುಟ್ಟಿಲ್ಲ, ಅನ್ನ ಮುಟ್ಟಿಲ್ಲ. ಗಂಜಿ ಕುಡ್ಕೊಂಡು ಕುಂತವ್ಳೆ. ಯಾರೂ ಇರ್ಲಿಲ್ಲ ಅಂದ್ರೆ ಯಾರೂ ಇರ್ಲಿಲ್ಲ ಅಂತನಾದ್ರೂ ಹೇಳಿ ಸಾರ್."

ಇದನ್ನು ಬರಹದ ಭಾಷೆಗೆ ತಿದ್ದಲು ಪ್ರಯತ್ನಿಸಿದೆ. ತಿದ್ದಿದ ಮೇಲೆ ಉಳಿದದ್ದು: "ಮೃತರ ಕುಟುಂಬದೊಂದಿಗೆ ಮಾಹಿತಿ ಹಂಚಿಕೊಳ್ಳುವ ಬಗ್ಗೆ ಕಂಪನಿಯ ನೀತಿ ಏನು?"

ಪ್ರಕಟಿಸಲಿಲ್ಲ. ಏಕೆಂದು ಖಚಿತವಾಗಿ ಹೇಳಲಾರೆ. ವಾಕ್ಯದಲ್ಲಿ ದೋಷವಿರಲಿಲ್ಲ.

೭ ಏಪ್ರಿಲ್, ಸೋಮವಾರ

ಕಿರಣ್‌ಕುಮಾರ್ ಅವರ ಕೋಣೆಗೆ ಹೋಗಿ, ಉತ್ತರ ಕೊಡಲು ಏನು ತೊಂದರೆ ಎಂದು ಕೇಳಿದೆ. ಅವರು ಬಾಗಿಲು ಮುಚ್ಚಿದರು.

"ಲೇಪನದ ತೊಟ್ಟಿ ಹತ್ರ ಯಾವಾಗ್ಲೂ ಇಬ್ರು ಇರ್ಬೇಕು ಅಂತ ರೂಲ್ ಇದೆ ಅಲ್ವಾ ಸಾರ್? ಅವತ್ತು ಎರಡನೆಯೋನನ್ನ ಪ್ಯಾಕಿಂಗಿಗೆ ಕಳಿಸಿದ್ರು. ಲೋಡ್ ಜಾಸ್ತಿ ಇತ್ತಂತೆ. ಪಕ್ಕದಲ್ಲಿ ಯಾರಿದ್ರು ಅಂದ್ರೆ ಏನಂತ ಹೇಳೋದು? ಫ್ಯಾಕ್ಟರಿ ಇನ್‌ಸ್ಪೆಕ್ಟರ್ ವಿಚಾರಣೆ ಮುಗೀಲಿ."

"ಅವರ ತಾಯಿ ಊಟ ಬಿಟ್ಟಿದ್ದಾರೆ."

"ಅಯ್ಯೋ ಪಾಪ" ಎಂದರು. ಮನಸ್ಸಿನಿಂದಲೇ ಅಂದರು. "ಏನಾದ್ರೂ ಹಣ್ಣುಗಿಣ್ಣು ಕಳಿಸೋಣ್ವಾ ಸಾರ್?"

೧೩ ಏಪ್ರಿಲ್, ಭಾನುವಾರ

ಇಂದು ಮಂಗಳಗೌರಿಯ ಫೋನಿಗೆ ಕರೆ ಮಾಡಿದೆ. ಅಡುಗೆಮನೆಯಲ್ಲಿ ಗಂಟೆ ಬಾರಿಸಿತು. ಬ್ಯಾಟರಿ ಸರಿಯಾಗಿದೆ.

೩ ಮೇ, ಶನಿವಾರ

ಮೂರನೆಯ ಸಭೆ. ಅದು ನಡೆದ ರೀತಿಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಂತ್ರಾಂಶದಲ್ಲಿ ಒಂದು ಸೋಸುಜಾಲ ಇದೆ. ಅದಕ್ಕೆ ಕೆಲವು ಶಬ್ದಗಳನ್ನು ಕೊಟ್ಟರೆ, ಅವುಗಳಿರುವ ಪ್ರಶ್ನೆಗಳೆಲ್ಲ ನನ್ನ ಕಣ್ಣಿಗೆ ಬೀಳುವ ಮೊದಲೇ ಬಲಗಡೆಗೆ ಹೋಗುತ್ತವೆ. ಕಿರಣ್‌ಕುಮಾರ್ ನಿನ್ನೆ ಅದಕ್ಕೆ ಎರಡು ಶಬ್ದ ಸೇರಿಸಿದ್ದರು: ತಿಮ್ಮರಾಜು, ನೀರು.

ನೀರಿನ ಮೀಟರು ಮಾಡುವ ಕಂಪನಿಯಲ್ಲಿ ನೀರು ಎಂಬ ಶಬ್ದವಿಲ್ಲದೆ ಯಾರು ಏನು ಕೇಳಬಲ್ಲರು? ಹತ್ತು ನಿಮಿಷ ಎಡಗಡೆ ಬರಿದಾಗಿತ್ತು. ನಿರ್ದೇಶಕರು ಪರದೆಯಲ್ಲಿ ನಕ್ಕರು. "ಏನು, ಇವತ್ತು ಎಲ್ಲರೂ ಫುಲ್ ಹ್ಯಾಪಿನಾ?" ಕಿರಣ್‌ಕುಮಾರ್ ನನಗೆ ಫೋನ್ ಮಾಡಿ, "ಏನಾದ್ರೂ ಕೇಳ್ಸಿ ಸಾರ್, ಮಾನ ಹೋಗ್ತಾ ಇದೆ" ಎಂದರು. ಸೋಸುಜಾಲದ ವಿಷಯ ನೆನಪಿಸಿದಾಗ "ಥೂ ನನ್ನ" ಎಂದು ಫೋನಿಟ್ಟರು.

ನಾನು ಬಲಗಡೆಯ ಅಂಕಣ ತೆರೆದು ನೋಡಿದೆ. ಮೀಟರುಗಳ ಬಗ್ಗೆ ಕೆಲವು ಪ್ರಶ್ನೆಗಳಿದ್ದವು. ಉಳಿದವೆಲ್ಲ ಒಂದೇ. ಗುಬ್ಬಿಯ ಅರವತ್ತು ಹೆಂಗಸರು, ಪ್ರತಿಯೊಬ್ಬಳೂ ತನ್ನ ಮೊಬೈಲಿನಿಂದ, ಅಕ್ಷರ ವ್ಯತ್ಯಾಸವಿಲ್ಲದೆ ಬರೆದಿದ್ದರು: "ತಿಮ್ಮರಾಜು ಬಿದ್ದಾಗ ಪಕ್ಕದಲ್ಲಿ ಯಾರಿದ್ರು? ಬಾಯಿಗೆ ನೀರು ಬಿಟ್ಟೋರು ಯಾರು?"

ಒಂದೇ ಅರ್ಥದ ಪ್ರಶ್ನೆಗಳನ್ನು ಒಂದಾಗಿ ಕೂಡಿಸಬೇಕು. ನಿಯಮ ನನ್ನದೇ. ಕೂಡಿಸಿದೆ. ಅರವತ್ತು ಒಂದಾಯಿತು. ಆ ಒಂದಕ್ಕೆ ತಡೆ ಇತ್ತು.

೧೪ ಮೇ, ಬುಧವಾರ

ಗುಬ್ಬಿ ಘಟಕದಲ್ಲಿ ಪರೀಕ್ಷಾ ಮೇಜುಗಳ ತಪಾಸಣೆ ಇತ್ತು. ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ನಾಲ್ಕೈದು ಹುಡುಗಿಯರು ಡಬ್ಬಿ ಬಿಚ್ಚಿ ಕುಳಿತಿದ್ದರು. ನಾನು ಹಾದುಹೋಗುವಾಗ ಒಬ್ಬಳು ಕೇಳಿಸುವ ಹಾಗೆಯೇ ಅಂದಳು.

"ಪ್ರಶ್ನೆ ನುಂಗೋ ಸಾರು ಇವ್ರೇ ಕಣೇ."

"ಸುಮ್ನಿರೇ, ಕೇಳಿಸ್ಕಂಡಾರು."

"ಕೇಳಿಸ್ಕಂಡ್ರೆ ಏನು? ತಿದ್ದಿ ಚೆಂದ ಮಾಡ್ಕಂತಾರೆ ಬುಡು."

ನಗು ಎದ್ದಿತು. ಒಬ್ಬಳು ಮಾತ್ರ ನಗದೆ ಎದ್ದು ಬಂದಳು. ತೆಳ್ಳಗಿದ್ದಾಳೆ, ಇಪ್ಪತ್ತೈದು ಇರಬಹುದು. "ನಾನೇ ಸಾರ್ ಮೋನಿಕಾ. ಬೆಳ್ಳಾವಿಯಿಂದ ಬರ್ತೀನಿ" ಎಂದಳು.

ತಾಯಿ ಹೇಗಿದ್ದಾರೆ ಎಂದು ಕೇಳಿದೆ.

"ಹೋದ ವಾರ ತಲೆ ತಿರುಗಿ ಬಿದ್ಲು. ತುಮಕೂರಿಗೆ ಕರ್ಕೊಂಡೋಗಿ ಡ್ರಿಪ್ ಹಾಕ್ಸಿದ್ವಿ. ಡಾಕ್ಟ್ರು ಬೈದ್ರು. ಬೈದ್ರೆ ಕೇಳ್ತಾಳಾ? ಸೂಜಿ ಚುಚ್ಚಿ ನೀರು ಬಿಟ್ಟೋರ ಹೆಸರಾದ್ರೂ ಗೊತ್ತಾಯ್ತು, ನನ್ನ ಮಗನಿಗೆ ಬಿಟ್ಟೋರ ಹೆಸರು ಹೇಳ್ರಿ ಅಂತ ಡಾಕ್ಟ್ರಿಗೇ ಕೇಳ್ತಾಳೆ." ಅವಳು ಸೆರಗಿನ ಪಿನ್ನನ್ನು ತಿರುವುತ್ತ ನಿಂತಳು. "ಇನ್ನೊಂದ್ಸಲ ಬಿದ್ರೆ ಕಷ್ಟ ಅಂದವ್ರೆ ಸಾರ್. ನಂಗೆ ದುಡ್ಡು ಗಿಡ್ಡು ಏನೂ ಬ್ಯಾಡ. ಒಂದು ಹೆಸರು ಬೇಕು."

ವಿಚಾರಣೆ ನಡೆಯುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಆಗಲಿ ಎಂದು ಹೇಳಿದೆ. ಏನು ಆಗಲಿ ಎಂದು ಅವಳು ಕೇಳಲಿಲ್ಲ, ನಾನೂ ವಿವರಿಸಲಿಲ್ಲ.

೧೮ ಮೇ, ಭಾನುವಾರ

ತೀವ್ರ ನಿಗಾ ಘಟಕದೊಳಗೆ ಮನೆಯವರನ್ನು ಬಿಡುವುದಿಲ್ಲ. ಅದು ಆಸ್ಪತ್ರೆಯ ಕ್ರಮ, ಸರಿಯಾದ ಕ್ರಮ. ಜನವರಿ ಹನ್ನೊಂದರಂದು ನಾನು ಹೊರಗಿನ ಬೆಂಚಿನ ಮೇಲಿದ್ದೆ. ಬೆಳಗಿನ ಹೊತ್ತು ಒಬ್ಬರು ಬಂದು ಹೇಳಿದರು. ಸಹಿ ಮಾಡಬೇಕಾದ ಕಡೆಯಲ್ಲೆಲ್ಲ ಸಹಿ ಮಾಡಿದೆ.

ಒಳಗೆ ಮಂಗಳಗೌರಿಯ ಹತ್ತಿರ ಯಾರಿದ್ದರೆಂದು ನಾನು ಕೇಳಲಿಲ್ಲ. ಕೇಳುವುದು ಒಂದಿತ್ತೆಂದೇ ಹೊಳೆಯಲಿಲ್ಲ.

೨೭ ಮೇ, ಮಂಗಳವಾರ

ಕುಣಿಗಲ್‌ಗೆ ಹೋಗಿದ್ದೆ. ಲೇಪನ ವಿಭಾಗದ ಉಷ್ಣಮಾಪಕಗಳನ್ನು ಸರಿಹೊಂದಿಸುವುದು ಮೂರು ತಿಂಗಳಿಗೊಮ್ಮೆಯ ನನ್ನ ಕೆಲಸ. ತೊಟ್ಟಿಯ ಬಳಿ ಈಗ ಇಬ್ಬರು ನಿಂತಿದ್ದರು. ಅವರು ಟೀಗೆ ಹೋದಾಗ, ಮೋರಿಯ ಕಡೆಯಿಂದ ಪೊರಕೆಯ ಸದ್ದು ಬರುತ್ತಿತ್ತು. ಚರಂಡಿ ಸ್ವಚ್ಛ ಮಾಡುವ ಗುತ್ತಿಗೆಯ ಕೆಲಸಗಾರ, ಅರವತ್ತರ ಆಸುಪಾಸು. ಕೊತ್ತಗೆರೆಯ ಕರಿಸಿದ್ದಪ್ಪ.

ಈ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಮೋನಿಕಾಳ ತಾಯಿಯ ವಿಷಯ ಬಿಟ್ಟರೆ, ಕೆಲಸಕ್ಕೆ ಸಂಬಂಧಿಸದ ಪ್ರಶ್ನೆಯನ್ನು ಯಾರಿಗೂ ಕೇಳಿದ ನೆನಪಿಲ್ಲ. "ತಿಮ್ಮರಾಜು ಬಿದ್ದ ದಿನ ಇಲ್ಲಿ ಯಾರಿದ್ದರು?" ಎಂದು ಕೇಳಿದೆ.

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ.

"ನಾನಿದ್ದೆ ಸೋಮಿ. ನೀವೇ ಮೊದಲ್ನೆಯೋರು ನೋಡಿ ಕೇಳಿದ್ದು."

"ನೀವು ಒಳಗೆ ಹೇಗೆ?"

"ಬರಂಗಿಲ್ಲ. ನಮ್ದು ಚರಂಡಿ ತಂಕ ಅಷ್ಟೇಯ. ಆದ್ರೆ ಆ ಹೈದ ಟೀ ಬಂದಾಗ ನಂಗೂ ಅರ್ಧ ಲೋಟ ಬುಡೋನು. ತಾತೋ, ಬಂದು ಗಂಟ್ಲು ತೇವ ಮಾಡ್ಕೋ ಅನ್ನೋನು. ಅವತ್ತು ಕೂಗ್ನಿಲ್ಲ. ಯಾಕ್ಲಾ ಕೂಗ್ನಿಲ್ಲ ಅಂತ ಇಣುಕಿದೆ. ತೊಟ್ಟಿ ಪಕ್ಕ ಒರಗ್ಕಂಡಿದ್ದ."

"ಮಾತನಾಡಿದನೆ?"

"ತಾತ ಅಂದಂಗಾಯ್ತು. ಅವನಂದಿದ್ದೋ, ಪಂಪಿನ ಸದ್ದೋ, ಆಣೆ ಮಾಡಿ ಹೇಳಕಾಗಲ್ಲ. ತಲೆ ತೊಡೆ ಮ್ಯಾಲಿಕ್ಕಂಡು ಬಾಟ್ಲಿ ನೀರು ಬಾಯಿಗೆ ಬುಟ್ಟೆ. ಪಕ್ಕದಿಂದ ಹರ್ದೋಯ್ತು. ಒಳಿಕ್ಕೆ ಹೋಯ್ತೋ ಇಲ್ವೋ ನಂಗೊತ್ತಿಲ್ಲ ಸೋಮಿ. ಆಮೇಕೆ ಸೂಪರ್‌ವೈಸರ್ರು ಬಂದ್ರು. ನೀನು ಇಲ್ಲಿರ್ಲಿಲ್ಲ ಕಣಯ್ಯ, ಹೋಗು ಅಂದ್ರು. ಹೋದೆ."

ತಿಮ್ಮರಾಜುವಿನ ತಾಯಿ ನಿಮಗಾಗಿ ಊಟ ಬಿಟ್ಟು ಕುಳಿತಿದ್ದಾರೆ, ಗೊತ್ತೆ ಎಂದು ಕೇಳಿದೆ. ಗೊತ್ತಿತ್ತು. ಕ್ಯಾಂಟೀನಿನಲ್ಲಿ ಮಾತು ಕಿವಿಗೆ ಬಿದ್ದಿತ್ತಂತೆ.

"ನಾನಾಗಿ ನಾನೇ ಹೋಗಿ ಬಾಗ್ಲು ತಟ್ಟಿ, ನಿಮ್ಮ ಮಗ ನನ್ನ ತೊಡೆ ಮ್ಯಾಲೆ ಹೋದ ಅನ್ನಕಾಯ್ತದಾ? ಊಟಕ್ಕೆ ಬಂದೆ ಅಂದಂಗಾಗಲ್ವಾ? ಅಂಥಾ ಎಲೆ ಮುಂದೆ ಕರೀದೆ ಹೋಗಿ ಕುಂತ್ಕೊಬಾರ್ದು. ಕರುದ್ರೆ ಹೋಯ್ತೀನಿ, ಕೇಳುದ್ರೆ ಹೇಳ್ತೀನಿ. ಯಾರೂ ಕೇಳ್ನೇ ಇಲ್ವಲ್ಲ."

ನಾನೇ ಅವರಿಗೆ ತಿಳಿಸಲೇ ಎಂದು ಕೇಳಿದೆ. ಅವನು ಬೇಡವೆಂದು ತಲೆಯಾಡಿಸಿದ.

"ಅದು ಕದ್ದು ಹೇಳ್ದಂಗೆ. ನಾಳೆ ಕಂಪ್ನಿಯೋರು, ಆ ಮುದ್ಕ ಅಲ್ಲಿರ್ಲೇ ಇಲ್ಲ ಅಂದ್ರೆ ಆಯಮ್ಮ ಉಂಡಿದ್ದೆಲ್ಲ ಇಸ ಆಗೋಯ್ತದೆ. ಎಲ್ರ ಮುಂದೆ ಕೇಳ್ಲಿ. ಎಲ್ರ ಮುಂದೆ ಹೇಳ್ತೀನಿ."

ಹೆಸರು ಗೊತ್ತಿಲ್ಲದೆ ಅವರು ಕರೆಯಲಾರರು. ಕರೆಯದೆ ಇವನು ಹೋಗಲಾರ. ಇಬ್ಬರ ನಡುವೆ ಇರುವುದು ಒಂದು ಪ್ರಶ್ನೆ, ಅದು ನಿಂತಿರುವುದು ನನ್ನ ಬಲಗಡೆಯ ಅಂಕಣದಲ್ಲಿ.

೩೦ ಮೇ, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಜನವರಿ ಹನ್ನೊಂದರ ಬೆಳಗಿನ ಜಾವ ಒಳಗೆ ಯಾರಿದ್ದರೆಂದು ಕೇಳಿದೆ. ಮೇಜಿನ ಹುಡುಗಿ ಹಿರಿಯ ದಾದಿಯನ್ನು ಕರೆದಳು. ಅವರು ಕೂತು ಯೋಚಿಸಿದರು. ಆ ಪಾಳಿಯಲ್ಲಿದ್ದ ಇಬ್ಬರೂ ಕೆಲಸ ಬಿಟ್ಟುಹೋಗಿದ್ದಾರೆ, ಎಲ್ಲಿಗೆಂದು ತಿಳಿಯದು ಎಂದರು. "ಇಷ್ಟು ದಿನ ಆದ್ಮೇಲೆ ಬಂದ್ರಲ್ಲ" ಎಂದರು. ಆಕ್ಷೇಪಣೆಯ ದನಿಯಿರಲಿಲ್ಲ. ಹೊರಡುವಾಗ, "ನಾವು ಯಾರನ್ನೂ ಒಂಟಿಯಾಗಿ ಬಿಡಲ್ಲ ಸಾರ್" ಎಂದರು. ಅದು ಆ ದಿನದ ಮಾತೋ, ಎಲ್ಲ ದಿನಗಳ ಮಾತೋ ತಿಳಿಯಲಿಲ್ಲ.

ಬಸ್‌ಸ್ಟಾಂಡಿನವರೆಗೆ ನಡೆದೆ. ಗೌರಿ ಬಿಸಿಲಿಗೆ ಯಾವಾಗಲೂ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು, ನನ್ನ ನೆರಳು ಅವಳ ಮೇಲೆ ಬೀಳುತ್ತದೆಂದು. "ನಿಮ್ಮಿಂದ ಇಷ್ಟಾದ್ರೂ ಉಪಯೋಗ ಆಗ್ಲಿ ಕಣ್ರೀ" ಎನ್ನುತ್ತಿದ್ದಳು. ಇದನ್ನು ಎಲ್ಲಿಯೂ ಬರೆದಿರಲಿಲ್ಲ.

೭ ಜೂನ್, ಶನಿವಾರ

ಸಭೆಗೆ ಮೊದಲು ಸೋಸುಜಾಲದಿಂದ ಎರಡೂ ಶಬ್ದಗಳನ್ನು ಅಳಿಸಿದೆ.

ಮೋನಿಕಾಳ ಪ್ರಶ್ನೆ ಬಂತು. ಅವಳು ಬರೆದ ಹಾಗೆಯೇ, ಹೆಸರಿನ ಸಮೇತ ಪ್ರಕಟಿಸಿದೆ.

ಪ್ರಕಟವಾದ ಪ್ರಶ್ನೆಯನ್ನು ಮೆಚ್ಚಿದವರು ಹೆಬ್ಬೆರಳಿನ ಗುರುತು ಒತ್ತಬಹುದು, ಅದರ ಪಕ್ಕದಲ್ಲಿ ಸಂಖ್ಯೆ ಏರುತ್ತದೆ. ನಲವತ್ತು, ನೂರತೊಂಬತ್ತು, ಆರುನೂರು. ಆಮೇಲೆ ನೋಡಲಿಲ್ಲ. ನಿರ್ದೇಶಕರು ಪ್ರಶ್ನೆಯನ್ನು ಮನಸ್ಸಿನಲ್ಲೇ ಓದುತ್ತಿರುವುದು ತುಟಿಯ ಚಲನೆಯಿಂದ ಕಾಣುತ್ತಿತ್ತು. "ಇದು ವೈಯಕ್ತಿಕ ವಿಷಯ, ಪ್ರತ್ಯೇಕವಾಗಿ ನೋಡೋಣ" ಎಂದರು. "ನೆಕ್ಸ್ಟ್?"

ಮುಂದಿನದನ್ನು ನಾನು ಪ್ರಕಟಿಸಲಿಲ್ಲ. ಪರದೆಯ ಮೇಲೆ ಆ ಒಂದೇ ಪ್ರಶ್ನೆ ಇತ್ತು. ಫೋನ್ ಬಂತು.

"ಸಾರ್, ತೆಗೀರಿ! ಸಾರ್, ಕೈ ತಪ್ಪಿ ಬಂದಿದೆ, ತೆಗೀರಿ ಬೇಗ!"

"ಕೈ ತಪ್ಪಿಲ್ಲ" ಎಂದೆ.

ನನ್ನ ಪರದೆಯಲ್ಲಿ ಕುಣಿಗಲ್ ಕ್ಯಾಂಟೀನ್ ಕಾಣುವ ಚೌಕದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು ನಿಂತಿದ್ದ. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಸಭೆಯಲ್ಲಿ ಘಟಕಗಳ ಮೈಕುಗಳು ಮುಚ್ಚಿರುತ್ತವೆ. ತೆರೆಯುವ ಅಧಿಕಾರ ನನಗಿದೆ. ತೆರೆದೆ.

"...ನಾನಿದ್ದೆ ಅಂತಿವ್ನಿ, ಕೇಳ್ತದಾ? ನಾನಿದ್ದೆ ಕಣವ್ವ ಮೋನಿಕಾ. ಕೊತ್ತಗೆರೆ ಕರಿಸಿದ್ದಪ್ಪ. ನೀರು ಬುಟ್ಟೋನು ನಾನೇಯ. ನಿಮ್ಮವ್ವಂಗೆ ಹೇಳು."

ಗುಬ್ಬಿಯ ಚೌಕದಲ್ಲಿ ಹೆಂಗಸರು ಎದ್ದು ಯಾರನ್ನೋ ಸುತ್ತುಗಟ್ಟಿದರು. ಅವಳ ಮುಖ ಕಾಣಲಿಲ್ಲ. ಅಷ್ಟರಲ್ಲಿ ಸಭೆಯನ್ನು ಮುಚ್ಚಿದರು. ನೆಟ್‌ವರ್ಕ್ ತೊಂದರೆ ಎಂಬ ಪ್ರಕಟಣೆ ಬಂತು.

೮ ಜೂನ್, ಭಾನುವಾರ

ಮೋನಿಕಾ ಕರಿಸಿದ್ದಪ್ಪನನ್ನು ನಿನ್ನೆ ಸಂಜೆಯೇ ಫೋನಿನಲ್ಲಿ ಮಾತನಾಡಿಸಿ, ಅಣ್ಣನ ತಲೆ ಅವನ ತೊಡೆಯ ಮೇಲಿತ್ತೆಂದು ತಿಳಿದು, ಊಟಕ್ಕೆ ಕರೆದಿದ್ದಳು. ಜೊತೆಗೆ ಬನ್ನಿ ಎಂದು ಅವನು ನನ್ನನ್ನು ಕೇಳಿದ. ತುಮಕೂರಿನಲ್ಲಿ ಬಸ್ಸಿಳಿದವನನ್ನು ಸ್ಕೂಟರಿನಲ್ಲಿ ಬೆಳ್ಳಾವಿಗೆ ಕರೆದೊಯ್ದೆ. ಒಗೆದ ಅಂಗಿ ತೊಟ್ಟು, ಕ್ಷೌರ ಮಾಡಿಸಿಕೊಂಡು ಬಂದಿದ್ದ. ದಾರಿಯಲ್ಲಿ ಬೆನ್ನ ಹಿಂದಿನಿಂದ ಹೇಳಿದ: "ನಾಳೆಯಿಂದ ಬರ್ಬ್ಯಾಡ ಅಂದ್ರು ಕಂಟ್ರಾಕ್ಟ್ರು. ಆಗ್ಲಿ ಬುಡಿ. ಆ ಮೋರಿಗೂ ನಂಗೂ ಸಾಕಾಗಿತ್ತು."

ಹನುಮಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಮುಂಗೈಯಲ್ಲಿ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಕರಿಸಿದ್ದಪ್ಪನನ್ನು ಬಹಳ ಹೊತ್ತು ನೋಡಿದರು. ನೋಡಿದ್ದು ಅವನ ತೊಡೆಯನ್ನು ಎಂದು ನನಗೆ ಆಮೇಲೆ ತಿಳಿಯಿತು.

"ನೀನ್ಯಾರಪ್ಪ?" ಎಂದು ನನ್ನನ್ನು ಕೇಳಿದರು.

"ಪ್ರಶ್ನೆ ನುಂಗ್ತಿದ್ರಲ್ಲ, ಅವ್ರೇ ಕಣವ್ವ" ಎಂದಳು ಮೋನಿಕಾ.

"ಹಂಗಾರೆ ಹೊಟ್ಟೆ ತುಂಬಿರ್ತೈತೆ. ಆದ್ರೂ ಒಂದು ಎಲೆ ಹಾಕು."

ಮುದ್ದೆ, ಹುರುಳಿಕಾಳಿನ ಸಾರು, ಅನ್ನ. ಕರಿಸಿದ್ದಪ್ಪನ ಎಲೆಗೆ ಅವರೇ ಗೋಡೆ ಹಿಡಿದು ಎದ್ದು ಬಡಿಸಿದರು. ಎರಡನೆಯ ಮುದ್ದೆಗೆ ಅವನು ಕೈ ಅಡ್ಡ ಹಿಡಿದ.

"ಹೊಟ್ಟೆ ಬಿರ್ದೋಯ್ತದೆ ಕಣವ್ವ."

"ನಾಕು ತಿಂಗ್ಳಿಂದ ಬರ್ಬೇಕಿದ್ದೋನು ನೀನು. ಉಣ್ಣು."

ಅವನು ಉಂಡು ಮುಗಿಸುವವರೆಗೆ ಅವರು ಎದುರಿಗೇ ಕುಳಿತಿದ್ದರು. ಆಮೇಲೆ ಕೇಳಿದರು. "ನೀರು ಒಳಿಕ್ಕೆ ಹೋಯ್ತಾ?"

ಕರಿಸಿದ್ದಪ್ಪ ನನ್ನ ಕಡೆ ಒಮ್ಮೆ ನೋಡಿದ.

"ಹೋಯ್ತು ಕಣವ್ವ. ಎರಡು ಗುಟುಕು ಕುಡ್ದ. ತಾತ, ಸಾಕು ಅಂದ."

ಹನುಮಮ್ಮ ಎರಡು ಗುಟುಕು ಎಂದು ತಮಗೆ ತಾವೇ ಹೇಳಿಕೊಂಡರು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮೋನಿಕಾ ಹತ್ತಿರ ಹೋದಾಗ ಅವಳ ಕೈ ತಳ್ಳಿದರು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, "ನಂಗೂ ಒಂದು ಎಲೆ ಹಾಕೇ. ಸಣ್ಣ ಮುದ್ದೆ" ಎಂದರು.

ನಾನು ಪಕ್ಕದಲ್ಲೇ ಕುಳಿತಿದ್ದೆ. ತಿದ್ದಲಿಲ್ಲ.

೧೦ ಜೂನ್, ಮಂಗಳವಾರ

ಕಿರಣ್‌ಕುಮಾರ್ ಒಂದು ಹಾಳೆ ಮುಂದಿಟ್ಟರು. ಶನಿವಾರದ ಪ್ರಶ್ನೆ ತಾಂತ್ರಿಕ ದೋಷದಿಂದ ಪ್ರಕಟವಾಯಿತು, ಕುಣಿಗಲ್ ಘಟಕದ ಮೈಕು ತಾನಾಗಿ ತೆರೆದುಕೊಂಡಿತು ಎಂದು ನಾನು ಬರೆದ ಹಾಗೆ ಬರೆದಿತ್ತು.

"ನಿಮ್ಮ ಮೇಲಿನ ಗೌರವಕ್ಕೆ ನಾನೇ ಡ್ರಾಫ್ಟ್ ಮಾಡಿದೀನಿ ಸಾರ್. ಸೈನ್ ಹಾಕಿದ್ರೆ ಇಲ್ಲಿಗೇ ಮುಗೀತು. ಇನ್ನೂ ಆರು ವರ್ಷ ಸರ್ವಿಸ್ ಇದೆ ನಿಮಗೆ. ಯಾಕ್ಸಾರ್ ಸುಮ್ನೆ?"

"ಮೈಕು ದೋಷದಿಂದ ತೆರೆಯಿತೆಂದರೆ, ಕರಿಸಿದ್ದಪ್ಪ ಹೇಳಿದ್ದು ಏನಾಗುತ್ತದೆ?"

ಅವರು ಕಿಟಕಿಯ ಕಡೆ ನೋಡಿದರು. "ಅವ್ನು ಅಲ್ಲಿ ಇರೋ ಹಾಗೇ ಇರ್ಲಿಲ್ವಲ್ಲ ಸಾರ್. ರೆಕಾರ್ಡಲ್ಲಿ ಇಲ್ಲ. ಯಾರೋ ಮುದುಕ ಏನೋ ಕೂಗ್ದ ಅಂತಾಗತ್ತೆ. ಗುರುವಾರ ಇನ್‌ಸ್ಪೆಕ್ಟರ್ ಬರ್ತಿದಾರೆ, ಅಷ್ಟರಲ್ಲಿ ಕ್ಲಿಯರ್ ಆದ್ರೆ ಒಳ್ಳೇದು."

ಆಗ ಬೆಳ್ಳಾವಿಯ ಆ ಎಲೆಯ ಮುಂದೆ ಕುಳಿತು ಉಂಡವನು ಯಾರೂ ಅಲ್ಲವೆಂದಾಗುತ್ತದೆ. ನಾಳೆ ಬೆಳಿಗ್ಗೆ ಉತ್ತರ ಕೊಡುತ್ತೇನೆಂದು ಹಾಳೆಯನ್ನು ಮನೆಗೆ ತಂದೆ.

ನಾನು ನಿರ್ಧರಿಸಿದ್ದು ಇಷ್ಟು. ಇದಕ್ಕೆ ಸಹಿ ಮಾಡುವುದಿಲ್ಲ. ಪ್ರಶ್ನೆಯನ್ನು ನಾನೇ ಪ್ರಕಟಿಸಿದೆ, ಮೈಕನ್ನು ನಾನೇ ತೆರೆದೆ ಎಂದು ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇನೆ. ಗುರುವಾರ ಇನ್‌ಸ್ಪೆಕ್ಟರ್ ಬಂದಾಗ ಕರಿಸಿದ್ದಪ್ಪನನ್ನು ಕುಣಿಗಲ್‌ಗೆ ಕರೆದುಕೊಂಡು ಹೋಗುತ್ತೇನೆ, ಅವನು ಹೇಳಿ ಮುಗಿಸುವವರೆಗೆ ಅವನ ಪಕ್ಕದಲ್ಲಿ ಇರುತ್ತೇನೆ.